ಮುದುಕರ ಹಾಡಿಗೆ ಜಾಹೀರಾತು ಕೊಡುವವರು ಯಾರು?

ಡಿಸೆಂಬರ್ ಬಂತೆಂದರೆ ಹಾಸನ ಜಿಲ್ಲೆಯ ನಮ್ಮ ಮಗ್ಗೆಯ ಸುತ್ತಮುತ್ತ ಕಾಫಿ ಕುಯ್ಲು. ಕಣದ ಮೂಲೆಯಲ್ಲಿ, ಗೋಣಿಚೀಲದ ಅಟ್ಟಿಯ ಮೇಲೆ ಒಂದು ರೇಡಿಯೊ ಇರುತ್ತದೆ. ಅದರ ಏರಿಯಲ್ ಮುರಿದು ಎಷ್ಟೋ ವರ್ಷವಾಯಿತು. ಆ ಜಾಗಕ್ಕೆ ಸಿಕ್ಕಿಸಿದ ತಂತಿ ಪಕ್ಕದ ಸಿಲ್ವರ್ ಓಕ್ ಮರ ಹತ್ತಿದೆ. ಹಾಸನ ಆಕಾಶವಾಣಿ, 102.2ರಲ್ಲಿ ಪಿ.ಬಿ. ಶ್ರೀನಿವಾಸ್ ಹಾಡು ಬಂದರೆ ಹಣ್ಣು ಕೆದರುತ್ತಿರುವ ಅಜ್ಜನ ಕೈ ತಾನಾಗಿ ನಿಧಾನವಾಗುತ್ತದೆ. ಮೊಮ್ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೇರೇನೋ ಕೇಳುತ್ತ ಚೀಲ ಹೊರುತ್ತಾನೆ. ಜಾಹೀರಾತಿನವರ ಲೆಕ್ಕದಲ್ಲಿ ಬೆಲೆ ಇರುವುದು ಮೊಮ್ಮಗನಿಗೆ. ರೇಡಿಯೊದಲ್ಲಿ ಯಾವ ಬಗೆಯ ಸಂಗೀತ ಉಳಿಯಿತು, ಯಾವುದು ಹೋಯಿತು ಎಂಬುದರ ಹಿಂದೆ ಈ ಲೆಕ್ಕ ಬಹಳ ಮಟ್ಟಿಗೆ ಕೆಲಸ ಮಾಡಿದೆ.

ಶುರುವಿನಲ್ಲಿ ಲೆಕ್ಕವೇ ಇರಲಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಆರಂಭಿಸಿದಾಗ ಕೇಳುಗನ ವಯಸ್ಸು ಯಾರಿಗೆ ಬೇಕಿತ್ತು? ಆಮೇಲಿನ ಸರ್ಕಾರಿ ರೇಡಿಯೊ ನಡೆದದ್ದು ಬಹುಪಾಲು ಸರ್ಕಾರದ ದುಡ್ಡು ಮತ್ತು ಅಂಚೆ ಕಚೇರಿಯಲ್ಲಿ ಕಟ್ಟುತ್ತಿದ್ದ ಲೈಸೆನ್ಸ್ ಶುಲ್ಕದ ಮೇಲೆ. ಶುಲ್ಕ ಕಟ್ಟಿದ ಅಜ್ಜನೂ ಒಂದೇ, ಅಪ್ಪನೂ ಒಂದೇ. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತಕ್ಕೆ ಮಣೆ ಹಾಕಿ ಚಿತ್ರಗೀತೆಯನ್ನು ಹೊರಗಿಟ್ಟರು. ಜನ ಮುಳ್ಳನ್ನು ರೇಡಿಯೊ ಸಿಲೋನ್ ಕಡೆ ತಿರುಗಿಸಿದರು. ಅದಕ್ಕೆ ಮದ್ದಾಗಿ 1957ರಲ್ಲಿ ವಿವಿಧ ಭಾರತಿ ಹುಟ್ಟಿತು, 1967ರಲ್ಲಿ ಅದರೊಳಗೆ ಜಾಹೀರಾತು ಬಂತು. 1969ರಲ್ಲಿ ದೆಹಲಿಯಲ್ಲಿ ಯುವವಾಣಿ ಶುರುವಾದಾಗ ವಯಸ್ಸಿಗೆ ಒಂದು ವೇಳೆ ಸಿಕ್ಕಿತು, ಪ್ರತ್ಯೇಕ ಸಂಗೀತ ಕೇಂದ್ರವಲ್ಲ.

ಅಮೆರಿಕದಲ್ಲಿ ಅಷ್ಟರೊಳಗೆ ಒಂದೊಂದು ವಯಸ್ಸಿಗೆ ಒಂದೊಂದು ಕೇಂದ್ರ ಎಂಬ ಏರ್ಪಾಡು ಬೇರೂರಿತ್ತು. ಜಾಹೀರಾತು ಸಂಸ್ಥೆಗಳು ದುಡ್ಡು ಸುರಿಯುವುದು ಹೆಚ್ಚಾಗಿ 25ರಿಂದ 54ರ ವಯಸ್ಸಿನವರ ಮೇಲೆ. 60–70ರ ದಶಕಗಳಲ್ಲಿ ಮೆಲುದನಿಯ ವಾದ್ಯಸಂಗೀತ ಹಾಕುವ ಕೇಂದ್ರಗಳಿಗೆ ಕೇಳುಗರ ದಂಡೇ ಇತ್ತು. ಆ ದಂಡಿಗೆ ವಯಸ್ಸಾಯಿತು. 80ರ ದಶಕದಲ್ಲಿ ಕೇಳುವವರಿದ್ದರೂ ಆ ಸಂಗೀತ ಕೇಂದ್ರಗಳಿಂದ ಮಾಯವಾಗುತ್ತ ಬಂತು. ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್-ಎಫ್‌ಎಂ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಹಳೆಯ ಹಾಡಿಗೇ ಹೆಸರಾದ ಆ ಕೇಂದ್ರ 2005ರ ಜೂನ್‌ನಲ್ಲಿ ಹಳೆಯದನ್ನು ಬಿಟ್ಟಿತು, ಕೇಳುಗರು ಸಿಡಿದೆದ್ದರು, 2007ರ ಜುಲೈನಲ್ಲಿ ಹಳೆಯ ಹಾಡು ವಾಪಸು ಬಂತು. ಬಂದದ್ದು ಮಾತ್ರ ಅದೇ ಹಳೆಯದಲ್ಲ: 50ರ ದಶಕ ಹಿಂದೆ ಸರಿದು 70–80ರ ದಶಕ ಮುಂದೆ ನಿಂತಿತ್ತು. ಹಲಗೆಯ ಮೇಲೆ ‘ಹಳೆಯ ಹಾಡು’ ಎಂದೇ ಇರುತ್ತದೆ, ಒಳಗಿನ ಸರಕು ಕೇಳುಗನ ವಯಸ್ಸಿನ ಜೊತೆ ಜಾರುತ್ತಿರುತ್ತದೆ.

ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂದದ್ದು 2001ರ ಜುಲೈ 3ರಂದು, ರೇಡಿಯೊ ಸಿಟಿಯ ಮೂಲಕ. ದೇಶಕ್ಕೇ ಮೊದಲನೆಯದು. ಆಗಿನ ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು, ಆ ಹೊರೆಯಲ್ಲಿ ಪ್ರಯೋಗ ಮಾಡುವ ಧೈರ್ಯ ಯಾರಿಗಿದ್ದೀತು? ಲೈಸೆನ್ಸ್ ಹಂಚಿಕೆಯ ಎರಡನೇ ಹಂತದಲ್ಲಿ ಶುಲ್ಕ ಆದಾಯದ ಶೇ. 4ಕ್ಕೆ ಇಳಿಯಿತು, ಮಿರ್ಚಿ, ಬಿಗ್, ಫೀವರ್ ಮುಂತಾದವು ಸಾಲಾಗಿ ಬಂದವು. ಆದರೆ ಒಂದು ಊರಿನಲ್ಲಿ ಒಬ್ಬ ಮಾಲೀಕನಿಗೆ ಒಂದೇ ಕೇಂದ್ರ. ಇರುವುದೊಂದೇ ಅಂಗಡಿಯಾದರೆ ಯಾರೂ ಬರೀ ಊರುಗೋಲು ಮಾರುವುದಿಲ್ಲ. 2007ರಿಂದ ‘ರ‍್ಯಾಮ್’ ಸಮೀಕ್ಷೆ ಮನೆಮನೆಗೆ ಡೈರಿ ಕೊಟ್ಟು 12 ವರ್ಷ ಮೇಲ್ಪಟ್ಟವರು ಏನು ಕೇಳುತ್ತಾರೆಂದು ಬರೆಸಿಕೊಂಡಿತು. ಎಲ್ಲರೂ ಒಂದೇ ಹೊಸ ಹಾಡಿನ ಹಿಂದೆ ಬಿದ್ದರು.

ಇಲ್ಲಿ ನಮ್ಮ ಕತೆ ಅಮೆರಿಕದ್ದಕ್ಕಿಂತ ಬೇರೆಯಾಗುತ್ತದೆ. ಬೆಂಗಳೂರಿನ ಮೊದಲ ಜಗಳ ವಯಸ್ಸಿನದಲ್ಲ, ಭಾಷೆಯದು: ಹಿಂದಿಯೋ ಕನ್ನಡವೋ. 2006ರ ಕೊನೆಗೆ ‘ಮುಂಗಾರು ಮಳೆ’ ಬಂದು, ಕನ್ನಡದ ಹೊಸ ಹಾಡನ್ನು ಕಾಲೇಜು ಹುಡುಗರೂ ಕೇಳುತ್ತಾರೆ ಎಂದು ತೋರಿಸಿದ ಮೇಲೆ ಕನ್ನಡ ಗೆದ್ದಿತು ಎನ್ನಬಹುದು. ವಯಸ್ಸಿನ ಪಾಲು ಕೇಂದ್ರಗಳ ನಡುವೆ ಆಗಲಿಲ್ಲ, ಗಡಿಯಾರದಲ್ಲಿ ಆಯಿತು. ಹಗಲು ಮೊಮ್ಮಗನದು, ಊಟದ ಮೇಲಿನ ರಾತ್ರಿ ಅಜ್ಜನದು. 2015ರ ಹರಾಜಿನ ಹೊತ್ತಿಗೆ ದೊಡ್ಡ ಊರುಗಳಲ್ಲಿ ಒಬ್ಬರಿಗೇ ಎರಡನೇ ಕೇಂದ್ರ ಇಟ್ಟುಕೊಳ್ಳಲು ಅವಕಾಶವಾಯಿತು. ಮಿರ್ಚಿ ಬೆಂಗಳೂರಿನಲ್ಲಿ ಎರಡನೆಯದನ್ನು ತೆರೆದದ್ದು ಹಿಂದಿ ಹಾಡಿಗೆ.

ಹಿರಿಯರ ಕಿವಿಗೆ ದುಡ್ಡು ಹುಟ್ಟುವುದಿಲ್ಲವೇ? ಹುಟ್ಟುತ್ತದೆ, ಜಾಹೀರಾತಿನ ದಾರಿಯಲ್ಲಿ ಮಾತ್ರ ಕಷ್ಟ. ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊ ನೆನಪಿರುವವರು ಇನ್ನೂ ಇದ್ದಾರೆ. ಚಂದಾ ಕಟ್ಟಿದರೆ ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದುಸ್ತಾನಿಗೆ ‘ಗಂಧರ್ವ’. ನಡುವೆ ಸೋಪಿನ ಕೂಗಿಲ್ಲ. ನಮ್ಮಂಥ ಗುಡ್ಡದ ಕಡೆ ಅದೊಂದು ವರವೇ ಆಗಿತ್ತು. ಅಂಗೈ ಅಗಲದ ಆಂಟೆನಾಗೆ ಆಕಾಶ ತೆರೆದಿದ್ದರೆ ಸಾಕು. ಅಮೆರಿಕದ ಮಾತೃಸಂಸ್ಥೆ 2008ರಲ್ಲಿ ದಿವಾಳಿಗೆ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಇಲ್ಲಿ ದನಿ ನಿಂತಿತು. ಮುಂದೆ 2017ರಲ್ಲಿ ಸರೆಗಮ ಕಂಪನಿ ‘ಕಾರವಾನ್’ ಪೆಟ್ಟಿಗೆ ತಂದಿತು: 5,000 ಹಳೆಯ ಹಾಡು, ನೋಡಲು ಹಳೆಯ ರೇಡಿಯೊ. ಮಕ್ಕಳು ಕೊಂಡು ಅಪ್ಪ ಅಮ್ಮನಿಗೆ ಕೊಟ್ಟರು. ಹಿರಿಯರ ಹಾಡಿಗೆ ಕಿರಿಯರ ಜೇಬು!

ನನ್ನ ಅಭಿಪ್ರಾಯದಲ್ಲಿ ಎಫ್‌ಎಂನವರ ವಯಸ್ಸಿನ ಲೆಕ್ಕ ಈಗ ತಲೆಕೆಳಗಾಗಿದೆ. ಮೊಮ್ಮಗ ರೇಡಿಯೊ ಬಿಟ್ಟು ಫೋನಿಗೆ ಹೋಗಿ ಕಾಲವಾಯಿತು. ಇನ್ನು ಎಫ್‌ಎಂನಲ್ಲಿ ಕೂಗುವ ಜಾಹೀರಾತು ಯಾವುದು? ಸೈಟು, ಚಿನ್ನ, ರೇಷ್ಮೆ ಸೀರೆ, ಆಸ್ಪತ್ರೆ, ಕಾಲೇಜಿನ ಸೀಟು. ಇವಕ್ಕೆಲ್ಲ ಚೆಕ್ ಬರೆಯುವ ಕೈ ನಲವತ್ತು ದಾಟಿದ್ದು. ಕೊಳ್ಳುವವನಿಗೆ ಒಂದು ಹಾಡು, ಕೇಳಿಸುವುದು ಇನ್ನೊಂದು.

ಖಾಸಗಿ ಎಫ್‌ಎಂ ಮೈಸೂರು, ಮಂಗಳೂರು, ಕಲಬುರಗಿಗೆ ಬಂದರೂ ಹಾಸನಕ್ಕೆ ಬರಲಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಕೇಂದ್ರಗಳ ಹರಾಜಿಗೆ ಒಪ್ಪಿಗೆ ಕೊಟ್ಟಿದೆ. ಮುಂದೆ ನಮ್ಮ ಕಡೆಗೆ ಬರುವ ಪುಣ್ಯಾತ್ಮರಲ್ಲಿ ಒಂದೇ ಅರಿಕೆ: ಹಳೆಯ ಹಾಡನ್ನು ಬೆಂಗಳೂರಿನವರ ಹಾಗೆ ರಾತ್ರಿ ಹತ್ತಕ್ಕೆ ಇಡಬೇಡಿ, ಎಂಟಕ್ಕೇ ಹಾಕಿ. ಮಗ್ಗೆಯಲ್ಲಿ ಒಂಬತ್ತಕ್ಕೆಲ್ಲ ಮಲಗುತ್ತೇವೆ.