ಮನೆಯ ಸೌರ ಬ್ಯಾಟರಿ: ಬಾಳಿಕೆ ಹೆಚ್ಚಿಸುವುದು ಹೇಗೆ?

ಬೈಂದೂರಿಗೆ ತಾಗಿಕೊಂಡಿರುವ ಯಡ್ತರೆಯಂಥ ಕರಾವಳಿಯ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟೋ ದಿನ ಬಿಸಿಲೇ ಕಾಣದು. ಗಾಳಿಮಳೆಗೆ ಮರ ಉರುಳಿ ವಿದ್ಯುತ್ ಕಡಿತಗೊಳ್ಳುವುದೂ ಇದೇ ಕಾಲದಲ್ಲಿ. ಸೌರ ಬ್ಯಾಟರಿಯ ಅಗತ್ಯ ಹೆಚ್ಚಿರುವಾಗಲೇ ಅದಕ್ಕೆ ದೊರೆಯುವ ಚಾರ್ಜ್ ಕಡಿಮೆ. ಹೀಗಾಗಿ ಅದರ ಆಯುಸ್ಸು ಬಹುಮಟ್ಟಿಗೆ ಈ ನಾಲ್ಕು ತಿಂಗಳ ಆರೈಕೆಯನ್ನು ಅವಲಂಬಿಸಿದೆ.

ರಾಜ್ಯದಲ್ಲಿ ಮನೆಬಳಕೆಯ ಸೌರದೀಪಗಳನ್ನು ಹರಡಿದ ಸಂಸ್ಥೆಗಳಲ್ಲಿ 1995ರಲ್ಲಿ ಆರಂಭವಾದ ಸೆಲ್ಕೋ ಪ್ರಮುಖವಾದುದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು ಸೌರ ಸಾಲ ಯೋಜನೆಯನ್ನೂ ಕೈಗೊಂಡವು. ಇಂಥ ವ್ಯವಸ್ಥೆಯಲ್ಲಿ ಫಲಕಗಳು ಸುಮಾರು 25 ವರ್ಷ ಬಾಳುತ್ತವೆ. ಮೊದಲು ಕೈಕೊಡುವುದು ಬ್ಯಾಟರಿ. ಒಳ್ಳೆಯ ಟ್ಯೂಬುಲರ್ ಬ್ಯಾಟರಿ 5 ವರ್ಷವಾದರೂ ಬಾಳಬಲ್ಲದು. ಅಲಕ್ಷಿಸಿದರೆ ಎರಡು-ಮೂರು ವರ್ಷಕ್ಕೇ ಸೋಲುತ್ತದೆ.

ಸೀಸ-ಆಮ್ಲ ಬ್ಯಾಟರಿ ಪೂರ್ತಿ ಚಾರ್ಜ್ ಆಗದೆ ವಾರಗಟ್ಟಲೆ ಉಳಿದರೆ ಫಲಕೆಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಗಟ್ಟಿಯಾದ ಹರಳು ಮತ್ತೆ ಕರಗುವುದು ಕಷ್ಟ. ಸಂಗ್ರಹ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಿರುವುದು ಮೊದಲ ನಿಯಮ. ಕೆಲವು ಗಂಟೆ ವಿಶ್ರಾಂತಿಯ ನಂತರ 12 ವೋಲ್ಟ್ ಬ್ಯಾಟರಿಯನ್ನು ಅಳೆದಾಗ ಸುಮಾರು 12.5 ಅಥವಾ ಹೆಚ್ಚಿದ್ದರೆ ತುಂಬಿದೆ ಎಂದರ್ಥ. 12ರ ಸಮೀಪಕ್ಕಿಳಿದರೆ ಬಳಕೆ ನಿಲ್ಲಿಸಬೇಕು. ಮಳೆಗಾಲದಲ್ಲಿ ಫ್ಯಾನ್, ಟಿವಿ ಬಿಟ್ಟು ದೀಪಗಳಿಗಷ್ಟೇ ಬಳಸುವುದು ಲೇಸು. ಇನ್ವರ್ಟರ್‌ಗೆ ಸೌಲಭ್ಯವಿದ್ದರೆ ವಾರಕ್ಕೊಮ್ಮೆ ಮನೆಯ ಕರೆಂಟಿನಿಂದ ಪೂರ್ತಿ ಚಾರ್ಜ್ ಮಾಡಬೇಕು.

ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು. ಚಾರ್ಜ್ ಆದ ಬಳಿಕ ಡಿಸ್ಟಿಲ್ಡ್ ವಾಟರನ್ನು ಗುರುತಿನವರೆಗೆ ಮಾತ್ರ ತುಂಬಬೇಕು. ಬಾವಿ ನೀರು, ನಲ್ಲಿ ನೀರು ಸಲ್ಲದು. ಆಮ್ಲವನ್ನಂತೂ ಎಂದೂ ಸೇರಿಸಬಾರದು. ಕಡಲ ಉಪ್ಪುಗಾಳಿಗೆ ಟರ್ಮಿನಲ್‌ಗಳು ಬೇಗ ಕಿಲುಬು ಹಿಡಿಯುತ್ತವೆ. ಸಂಪರ್ಕ ಕಡಿದು, ಒರೆಸಿ ಒಣಗಿಸಿ, ಬಿಗಿಯಾಗಿ ಮರುಜೋಡಿಸಿದ ಮೇಲೆ ವ್ಯಾಸಲೀನ್ ಸವರಬೇಕು. ಚಾರ್ಜ್ ಆಗುವಾಗ ಉರಿಯುವ ಹೈಡ್ರೋಜನ್ ಅನಿಲ ಹೊಮ್ಮುವುದರಿಂದ ಗಾಳಿಯಾಡುವ, ತಂಪಾದ ಜಾಗವೇ ಆಗಬೇಕು. ದೇವರ ದೀಪ, ಒಲೆ ಹತ್ತಿರ ಇರಕೂಡದು.

ಲಿಥಿಯಂ ಬ್ಯಾಟರಿಗೆ ನೀರು ಬೇಡ. ಆದರೆ ಸೀಸದ ಬದಲು ಅದನ್ನು ಅಳವಡಿಸುವಾಗ ಚಾರ್ಜ್ ನಿಯಂತ್ರಕವೂ ಅದಕ್ಕೆ ಹೊಂದಬೇಕು.

ಆಯುಸ್ಸು ಮುಗಿದ ಬ್ಯಾಟರಿಯನ್ನು ಗುಜರಿಯವರ ಕೈಗೆ ಕೊಡದೆ ಮಾರಾಟಗಾರರ ಮೂಲಕ ಮರುಬಳಕೆ ವ್ಯವಸ್ಥೆಗೆ ತಲುಪಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯವೂ ಇದೇ. ಒಡೆದು ಚೆಲ್ಲಿದ ಸೀಸ ಮಣ್ಣಿಗೂ ಮಕ್ಕಳಿಗೂ ವಿಷ.