ಜಂಬಿಟ್ಟಿಗೆಯ ಗೋಡೆಯೂ ಸುಣ್ಣದ ಹೊದಿಕೆಯೂ

ಗೋಮಂತಕದಲ್ಲಿ ಹಳೆಯ ಮನೆಯನ್ನು ಉಳಿಸಿಕೊಂಡು ಬರುವುದು ಹೊಸ ಮನೆಯನ್ನು ಕಟ್ಟಿಸುವುದಕ್ಕಿಂತ ಕಷ್ಟತರವಾದ ಕಾರ್ಯವೆಂಬುದನ್ನು ಇಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ವಿವರಿಸಬೇಕಾದುದಿಲ್ಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗಾಗಿಯೇ ಸುರಿಯುವ ಈ ನಾಡಿನಲ್ಲಿ ಗೋಡೆಗಳು ತೇವವನ್ನು ಹೀರಿ ಪಾಚಿಗಟ್ಟುವುವು. ಬಣ್ಣವು ಉಬ್ಬಿ ಉದುರುವುದು. ಕಪಾಟಿನೊಳಗಣ ಪುಸ್ತಕಗಳಿಗೂ ಬೂಷ್ಟು ಹಿಡಿಯುವುದು. ಮಳೆ ಹಿಂದೆಗೆದೊಡನೆ ಮನೆಯೊಡೆಯನು ಗೋಡೆಯ ಹೊರಮೈಯನ್ನು ನೋಡಿ, ಹಳೆಯ ಗಾರೆಯನ್ನು ಕೆರೆದು ಕಲ್ಲನ್ನೇ ಕಾಣುವಂತೆ ಬಿಡೋಣವೆ, ಅಥವಾ ಸಿಮೆಂಟು ಬಳಿದು ಒಮ್ಮೆಗೇ ಭದ್ರಪಡಿಸೋಣವೆ ಎಂದು ಚಿಂತಿಸತೊಡಗುತ್ತಾನೆ. ಈ ಪ್ರಶ್ನೆಗೆ ಗೋವೆಯ ಇತಿಹಾಸವೇ ಉತ್ತರ ಕೊಟ್ಟಿದೆ. ಅದನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ಕಲ್ಲಿನ ವಿಚಾರ. ಗೋವೆಯ ಹಳೆಯ ಮನೆಗಳಲ್ಲಿ ಬಹುತೇಕ ಎಲ್ಲವೂ ಜಂಬಿಟ್ಟಿಗೆಯಿಂದ ಕಟ್ಟಿದವು. ಇದನ್ನೇ ದಕ್ಷಿಣ ಕನ್ನಡದವರು ಮುರಕಲ್ಲೆಂದೂ ಕಾರವಾರ ಸೀಮೆಯವರು ಚಿರೆಕಲ್ಲೆಂದೂ ಕರೆಯುವರು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವಿದ್ವಾಂಸನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ನಾಮಕರಣ ಮಾಡಿದನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ಜನರ ಮಾತಿನಲ್ಲಿಯೂ ಈ ಕಲ್ಲಿನ ಹೆಸರಿನೊಳಗೆ ಇಟ್ಟಿಗೆಯೇ ಕುಳಿತಿರುವುದು ಸ್ವಾರಸ್ಯಕರವಲ್ಲವೆ? ನೆಲದೊಳಗಿರುವಾಗ ಇದು ಸುಲಭವಾಗಿ ಕಡಿಯಬಹುದಾದಷ್ಟು ಮೆದು; ಹೊರತೆಗೆದು ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು. ಆದರೆ ಮೈಯೆಲ್ಲ ರಂಧ್ರಮಯ. ಎಷ್ಟು ನೀರು ಬಂದರೂ ಹೀರುವುದು ಇದರ ಸ್ವಭಾವ.

ಈ ಸ್ವಭಾವವನ್ನು ಬಲ್ಲ ಹಿರಿಯರು ಅದಕ್ಕೆ ತಕ್ಕ ರಕ್ಷಣೆಯನ್ನೂ ಕಲ್ಪಿಸಿದ್ದರು. ಕಡಲ ಚಿಪ್ಪುಗಳನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನೊಡನೆ ಅರೆದು ಗಾರೆ ಮಾಡಿ ಗೋಡೆಗೆ ಹೊದಿಸುತ್ತಿದ್ದರು. ಗಾರೆಯು ಗಾಳಿಯಲ್ಲಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಮತ್ತೆ ಸುಣ್ಣಕಲ್ಲಾಗುವುದು. ಅದರ ಮೇಲೆ ಮಳೆಗಾಲ ಕಳೆದಾಗಲೆಲ್ಲ ಸುಣ್ಣ ಬಳಿಯುತ್ತಿದ್ದರು. ಮಳೆಯ ಪೆಟ್ಟನ್ನು ಹೊದಿಕೆ ತಿನ್ನುತ್ತಿತ್ತು, ಕಲ್ಲು ಉಳಿಯುತ್ತಿತ್ತು. ಒಳಹೊಕ್ಕ ತೇವವೂ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಹೊರಗೆ ಆರಿಹೋಗುತ್ತಿತ್ತು. ಚಾಚಿದ ಸೂರು, ಗಾಳಿಮಳೆಯ ದಿಕ್ಕಿಗೆ ಕಟ್ಟುವ ತೆಂಗಿನ ಗರಿಯ ತಟ್ಟಿ, 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹಬ್ಬಿದ ಹೆಂಚು, ಇವೆಲ್ಲವೂ ಆ ರಕ್ಷಣೆಯ ಅಂಗಗಳೇ.

ಗಾರೆಯಿಲ್ಲದ ಕಲ್ಲಿನ ಕಟ್ಟಡವು ಈ ಮಳೆಯಲ್ಲಿ ನಿಲ್ಲಲಾರದೆ ಎಂದು ಯಾರಾದರೂ ಕೇಳಬಹುದು. ನಿಂತಿರುವುದುಂಟು. ಕನ್ನಡ ಶಾಸನಗಳನ್ನು ಬರೆಯಿಸಿದ ಗೋವೆಯ ಕದಂಬರ ಕಾಲದ, ತಾಂಬಡಿ ಸುರ್ಲಾದ ಮಹಾದೇವ ದೇವಾಲಯವು ಶತಮಾನಗಳಿಂದ ಅಡವಿಯ ಮಳೆಯಲ್ಲಿ ನೆನೆಯುತ್ತಲೇ ನಿಂತಿದೆ. ಆದರೆ ಅದು ಬಸಾಲ್ಟ್ ಎಂಬ ದಟ್ಟವಾದ ಕಪ್ಪು ಶಿಲೆಯದು. ಕಪ್ಪುಶಿಲೆಗೆ ಸಲ್ಲುವ ನಿಯಮವು ಜಂಬಿಟ್ಟಿಗೆಗೆ ಸಲ್ಲದು.

ಈ ಭೇದವನ್ನು ಮರೆತುದರ ಫಲವನ್ನು ಹಳೆಯ ಗೋವೆಯಲ್ಲಿ ಕಾಣಬಹುದು. ಅಲ್ಲಿನ ಬೊಂ ಜೆಜುಸ್ ಬೆಸಿಲಿಕಾದ ನಿರ್ಮಾಣವು 1594ರಲ್ಲಿ ಆರಂಭವಾಗಿ, 1605ರಲ್ಲಿ ಅದರ ಪ್ರತಿಷ್ಠೆಯಾಯಿತು. ಸಂತ ಫ್ರಾನ್ಸಿಸ್ ಝೇವಿಯರರ ದೇಹವಿರುವುದು ಇಲ್ಲಿಯೇ. ಸುಮಾರು ಮೂರೂವರೆ ಶತಮಾನಗಳ ಕಾಲ ಅದರ ಹೊರಗೋಡೆಗಳು ಸುಣ್ಣದ ಗಾರೆಯನ್ನು ಹೊದ್ದು ನಿಂತಿದ್ದವು. 1950ರ ದಶಕದಲ್ಲಿ, ಪೋರ್ತುಗಲ್ಲಿನಲ್ಲಿ ಪುರಾತನ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ಪಳಗಿದ್ದ ಬಾಲ್ತಜಾರ್ ಕಾಸ್ತ್ರೊ ಎಂಬ ವಾಸ್ತುಶಿಲ್ಪಿಯು, ಕಲ್ಲು ಕಂಡರೆ ಪ್ರಾಚೀನತೆಯ ಶೋಭೆ ಹೆಚ್ಚುವುದೆಂಬ ಭಾವನೆಯಿಂದ ಆ ಗಾರೆಯನ್ನು ಕೆರೆಯಿಸಿದನು. ಇಂದು ನೋಡಬಂದವರಲ್ಲಿ ಅನೇಕರು ಆ ಕೆಂಪು ಬಣ್ಣವೇ ಅದರ ಹುಟ್ಟುಬಣ್ಣವೆಂದು ಭಾವಿಸುವರು. ನಿಜವಾಗಿ ಅದು ಚರ್ಮ ಸುಲಿದ ಮೈಯ ಬಣ್ಣ. ಅಂದಿನಿಂದ ಪ್ರತಿ ಮಳೆಗಾಲವೂ ಬರಿಯ ಕಲ್ಲನ್ನೇ ಸವೆಯಿಸುತ್ತ ಬಂದಿದೆ. 1986ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿದರೂ ಮಳೆಯೇನೂ ದಾಕ್ಷಿಣ್ಯ ತೋರಲಿಲ್ಲ. ಗೋಡೆಗಳು ಶಿಥಿಲವಾಗುತ್ತಿವೆಯೆಂಬ ಕೂಗು 2020ರಲ್ಲಿ ಬಲವಾಗಿ ಎದ್ದಿತು. ಮತ್ತೆ ಗಾರೆ ಹೊದಿಸಬೇಕೆಂದು ಕೆಲವರೂ, ಕಣ್ಣಿಗೆ ರೂಢಿಯಾದ ರೂಪವನ್ನು ಬದಲಿಸಬಾರದೆಂದು ಕೆಲವರೂ ವಾದಿಸಿದರು. ಕೆರೆಯುವುದು ಎಷ್ಟು ಸುಲಭವೋ ಮರಳಿ ಹೊದಿಸುವುದು ಅಷ್ಟೇ ದುಸ್ತರ. ಸಮೀಪದಲ್ಲಿಯೇ ಇರುವ, 1562ರಲ್ಲಿ ಆರಂಭವಾದ ಸೆ ಕೆಥೆಡ್ರಲ್ ಮಾತ್ರ ತನ್ನ ಬಿಳಿಯ ಹೊದಿಕೆಯನ್ನು ಉಳಿಸಿಕೊಂಡಿದೆ.

ಕೆರೆಯುವುದು ಒಂದು ಬಗೆಯ ಕೇಡಾದರೆ ಅನಾದರವು ಇನ್ನೊಂದು ಬಗೆಯದು. ಅಲ್ಲಿಯೇ ಗುಡ್ಡದ ಮೇಲಿರುವ ಸಂತ ಅಗಸ್ಟೀನರ ಮಠವು 1835ರಲ್ಲಿ ನಿರ್ಜನವಾಯಿತು; 1842ರಲ್ಲಿ ಚರ್ಚಿನ ಕಮಾನುಚಾವಣಿ ಕುಸಿಯಿತು; 1931ರಲ್ಲಿ ಗೋಪುರದ ಒಂದು ಪಾಲು ಉರುಳಿತು. ಇಂದು ಉಳಿದಿರುವುದು ಜಂಬಿಟ್ಟಿಗೆಯ ಒಂಟಿ ಕಂಬದಂಥ ಅವಶೇಷ. ಮಾಡು ಹೋದ ಮನೆಯ ಗೋಡೆ ಎಷ್ಟು ದಪ್ಪವಾಗಿದ್ದರೇನು?

ಇನ್ನು ಸಿಮೆಂಟು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಹೊಸ ಕಟ್ಟಡಗಳಿಗೆ ಅದರ ಉಪಕಾರ ಅಪಾರ. ಆದರೆ ಹಳೆಯ ಜಂಬಿಟ್ಟಿಗೆಯ ಮೇಲೆ ಅದನ್ನು ಬಳಿದರೆ, ಅಡಿಪಾಯದಿಂದ ಏರಿದ ತೇವವೂ ಬಿರುಕಿನಿಂದ ಇಳಿದ ನೀರೂ ಹೊರಬರಲು ದಾರಿ ಕಾಣದೆ ಒಳಗೋಡೆಯಲ್ಲಿ ಒಡೆಯುವುವು. ನೀರಿನೊಡನೆ ಬಂದ ಲವಣಗಳು ಹರಳುಗಟ್ಟಿ ಕಲ್ಲಿನ ಮುಖವನ್ನೇ ಸಡಿಲಿಸುವುವು. ಕೊನೆಗೆ ಸಿಮೆಂಟು ಕಳಚುವಾಗ ಬರಿಗೈಯಲ್ಲಿ ಹೋಗದೆ ಕಲ್ಲಿನ ಪದರನ್ನೂ ಕೊಂಡೊಯ್ಯುವುದು.

ಆದುದರಿಂದ ಹಳೆಯ ಮನೆಯನ್ನು ನವೀಕರಿಸುವವರು ಮೊದಲು ಹೆಂಚು, ದೋಣಿಗಳನ್ನು ಸರಿಪಡಿಸಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮಾಡತಕ್ಕದ್ದು. ಅನಂತರ ಸಡಿಲಾದ ಗಾರೆಯನ್ನು ಮಾತ್ರ ತೆಗೆದು, ಗೋಡೆ ಚೆನ್ನಾಗಿ ಆರಿದ ಮೇಲೆ ಸುಣ್ಣದ ಗಾರೆಯನ್ನು ತೆಳುಪದರಗಳಲ್ಲಿ ಕೂಡಿಸಿ, ಬೇಗನೆ ಒಣಗದಂತೆ ನೀರು ಚಿಮುಕಿಸುತ್ತ ಕಾಯತಕ್ಕದ್ದು. ಮಳೆಗಾಲ ಕಳೆದ ತಿಂಗಳುಗಳೇ ಇದಕ್ಕೆ ಪ್ರಶಸ್ತವಾದ ಕಾಲ. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಒಮ್ಮೆ ಮಾಡಿ ಮರೆಯುವ ಕೆಲಸವೂ ಇದಲ್ಲ.

ನಮ್ಮ ಸಂಘದ ಕುಟುಂಬಗಳಿಗೆ ಈ ವಿಷಯ ಇನ್ನೊಂದು ಕಾರಣದಿಂದ ಹತ್ತಿರವಾದುದು. 1961ರ ಡಿಸೆಂಬರ್ 19ರಂದು ಗೋವೆ ವಿಮುಕ್ತವಾದ ತರುವಾಯ ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ಕಲ್ಲು ಹೊತ್ತವರು, ಗಾರೆ ಕಲಸಿದವರು ಅಸಂಖ್ಯ. ಗೋಡೆಯ ಒಡೆಯನು ಯಾರೇ ಆಗಿರಲಿ, ಕರಣೆ ಹಿಡಿದ ಕೈ ಅನೇಕ ವೇಳೆ ಕನ್ನಡಿಗನದು. ಸಿಮೆಂಟಿನ ಕೆಲಸ ಕಲಿತವರು ಬಹಳ. ಸುಣ್ಣವನ್ನು ಅರಳಿಸುವ, ಅದರ ಹದವನ್ನು ಬೆರಳಿನಿಂದಲೇ ಅರಿಯುವ ಹಿರಿಯರು ವಿರಳರಾಗುತ್ತಿದ್ದಾರೆ. ಅಂಥವರು ತಮ್ಮ ಮನೆಯಲ್ಲಿದ್ದರೆ ತರುಣರು ಅವರ ಬಳಿ ಕುಳಿತು ಆ ಹದವನ್ನು ಕೇಳಿ ಕಲಿಯಲಿ. ಇದನ್ನು ಕಲಿಸುವ ಪಠ್ಯಪುಸ್ತಕವು ನಮ್ಮ ಶಾಲೆಗಳಲ್ಲಿ ಇಲ್ಲ; ಆ ಹಿರಿಯರೇ ಪುಸ್ತಕ.