ಕಟ್ಟೆಯ ನೀರು, ಕಾಗದದ ಲೆಕ್ಕ

ಮಳೆಗಾಲ ಬಂತೆಂದರೆ ನಮ್ಮ ಕೊಪ್ಪದ ಕಡೆ ಪತ್ರಿಕೆ ಕೈಗೆತ್ತಿಕೊಂಡವರು ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಕಟ್ಟೆ ತುಂಬಲು ಇನ್ನೆಷ್ಟು ಅಡಿ ಬೇಕು? 124.80 ಅಡಿ ಎಂದರೆ ಕಟ್ಟೆ ತುಂಬಿತು ಎಂಬುದು ಶಾಲೆಯ ಮೆಟ್ಟಿಲು ಹತ್ತದ ನಮ್ಮ ಹಿರಿಯರಿಗೂ ಬಾಯಿಪಾಠ. ಆದರೆ ಆ ನೀರಿನಲ್ಲಿ ನಮ್ಮ ಪಾಲೆಷ್ಟು, ಅದನ್ನು ಯಾರು ಯಾವ ಲೆಕ್ಕದ ಮೇಲೆ ಗೊತ್ತುಮಾಡಿದರು ಎಂದು ಕೇಳಿದರೆ ಓದಿದವರೂ ಸುಮ್ಮನಾಗುತ್ತೇವೆ. ಕಾವೇರಿಯ ಚರಿತ್ರೆಯನ್ನು ಹೋರಾಟದ ಚರಿತ್ರೆಯೆಂದು ಹೇಳುವುದು ರೂಢಿ. ಅದು ಲೆಕ್ಕದ ಚರಿತ್ರೆಯೂ ಹೌದು.

1892ರಲ್ಲಿ ಮೈಸೂರಿಗೂ ಮದ್ರಾಸಿಗೂ ಒಂದು ಒಪ್ಪಂದವಾಯಿತು. ಅದರಂತೆ ಕಾವೇರಿಯೂ ಸೇರಿ ಕೆಲವು ಮುಖ್ಯ ನದಿಗಳಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಮೈಸೂರು ಮೊದಲು ಮದ್ರಾಸಿನ ಒಪ್ಪಿಗೆ ಪಡೆಯಬೇಕಿತ್ತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಬಳಿ ದೊಡ್ಡ ಕಟ್ಟೆಯ ಯೋಜನೆ ಮುಂದಿಟ್ಟಾಗ ಇಷ್ಟು ಹಣ ಹಾಕಿದರೆ ವಾಪಸು ಬರುತ್ತದೆಯೇ ಎಂಬ ಅನುಮಾನ ಸರ್ಕಾರದೊಳಗೇ ಇತ್ತು. ಬೆಳೆಗೆ ನೀರು ಸಿಗುವುದರ ಜೊತೆಗೆ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೂ ವರ್ಷವಿಡೀ ನೀರು ಸಿಗುತ್ತದೆ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಮಾರಿ ಆದಾಯವೂ ಬರುತ್ತದೆ ಎಂದು ತೋರಿಸಿದ ಮೇಲೆ 1911ರಲ್ಲಿ ಕೆಲಸ ಆರಂಭವಾಯಿತು. ಮದ್ರಾಸು ಒಪ್ಪಿದ್ದು 80 ಅಡಿ ಎತ್ತರದ, 11 ಟಿಎಂಸಿಯ ಕಟ್ಟೆಗೆ ಮಾತ್ರ. ಮೈಸೂರು ತಳಪಾಯವನ್ನು 124 ಅಡಿಯ ಕಟ್ಟೆಗೆ ಸಾಲುವಂತೆ ಅಗಲವಾಗಿಯೇ ಹಾಕಿತು. ವಿವಾದ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ ಅವರ ಮುಂದೆ ಹೋಗಿ, 1914ರಲ್ಲಿ ಅವರ ತೀರ್ಪು ಮೈಸೂರಿನ ಪರವಾಗಿ ಬಂತು. ಮದ್ರಾಸು ಅದನ್ನು ಒಪ್ಪಲಿಲ್ಲ. ಕಡೆಗೆ 1924ರ ಒಪ್ಪಂದದಲ್ಲಿ ವಿಷಯ ಒಂದು ಘಟ್ಟಕ್ಕೆ ಬಂತು.

ಆ ಒಪ್ಪಂದದಲ್ಲಿ ನಮ್ಮ ಜಿಲ್ಲೆಯ ಹಣೆಬರಹ ಬರೆದ ಒಂದು ಸಂಖ್ಯೆ ಇದೆ. ಅದು 1,25,000 ಎಕರೆ. ಕೃಷ್ಣರಾಜಸಾಗರದ ಅಡಿಯಲ್ಲಿ ಮೈಸೂರು ಹೊಸದಾಗಿ ಇಷ್ಟು ಭೂಮಿಗೆ ನೀರುಣಿಸಬಹುದಾಗಿತ್ತು. ಮೆಟ್ಟೂರು ಯೋಜನೆಯಲ್ಲಿ ಮದ್ರಾಸಿಗೆ ಸಿಕ್ಕಿದ್ದು 3,01,000 ಎಕರೆ. ಆ ಸಂಖ್ಯೆಯ ಬಲದಿಂದ ಹುಲಿಕೆರೆಯ ಸುರಂಗ ದಾಟಿ ಇರ್ವಿನ್ ನಾಲೆ ಹರಿಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ರಾಗಿ, ಹುರುಳಿಯ ಹೊಲಗಳು ಗದ್ದೆಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಇದ್ದ ನೀರನ್ನು ಹೆಚ್ಚು ಜನಕ್ಕೆ ಹಂಚಲೆಂದು ಕಬ್ಬು, ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯಲ್ಲಿ ಬೆಳೆಯುವ ಬ್ಲಾಕ್ ಪದ್ಧತಿಯನ್ನೂ ಎಂಜಿನಿಯರುಗಳು ಹಾಕಿಕೊಟ್ಟರು. ಕಾಲ ಕಳೆದಂತೆ ಆ ಶಿಸ್ತು ಸಡಿಲವಾಯಿತು. ಅದರ ಬೆಲೆಯನ್ನು ಇಂದು ಹೆಚ್ಚಾಗಿ ತೆರುತ್ತಿರುವವರು ಮದ್ದೂರು, ಮಳವಳ್ಳಿಯ ನಾಲೆಯ ಕೊನೆ ಭಾಗದ ರೈತರು.

1990ರ ಜೂನಿನಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. ಮರುವರ್ಷದ ಮಧ್ಯಂತರ ಆದೇಶ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಎಂದಿತು. ಈ ಸಂಖ್ಯೆ ಬಂದದ್ದು 1980-81ರಿಂದ 1989-90ರವರೆಗಿನ ಹತ್ತು ವರ್ಷಗಳಲ್ಲಿ ಮೆಟ್ಟೂರಿಗೆ ಹರಿದುಹೋದ ನೀರಿನ ದಾಖಲೆಗಳಿಂದ. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ಸುಪ್ರೀಂ ಕೋರ್ಟ್ ಅದನ್ನು ಅಸಿಂಧುವೆಂದಿತು. ಡಿಸೆಂಬರಿನಲ್ಲಿ ಬೀದಿಗಳಲ್ಲಿ ಹಿಂಸೆಯಾಯಿತು. ಆ ಹಿಂಸೆಯಿಂದ 205 ಎಂಬ ಅಂಕಿ ಒಂದಿಷ್ಟೂ ಕದಲಲಿಲ್ಲ. ನೊಂದವರು ಮಾತ್ರ ಎರಡೂ ಕಡೆಯ ಬಡವರು.

2007ರ ಅಂತಿಮ ತೀರ್ಪು ಕಣಿವೆಯಲ್ಲಿ ಒಟ್ಟು 740 ಟಿಎಂಸಿ ನೀರಿದೆಯೆಂದು ಹಿಡಿದು, ಕರ್ನಾಟಕಕ್ಕೆ 270, ತಮಿಳುನಾಡಿಗೆ 419 ಎಂದು ಹಂಚಿತು. ಅದು ಬದಲಾದದ್ದು 2018ರ ಫೆಬ್ರುವರಿಯಲ್ಲಿ. ತಮಿಳುನಾಡಿನ ನೆಲದಡಿಯಲ್ಲಿ 20 ಟಿಎಂಸಿಯಷ್ಟು ಅಂತರ್ಜಲವಿದೆಯೆಂಬ ಅಧ್ಯಯನಗಳ ಲೆಕ್ಕ ನ್ಯಾಯಮಂಡಳಿಯ ದಾಖಲೆಯಲ್ಲೇ ಇತ್ತು. ಅದರಲ್ಲಿ 10 ಟಿಎಂಸಿಯನ್ನು ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಸೇರಿಸಿತು. ನಮ್ಮ ಪಾಲು 284.75 ಆಯಿತು. ಇಷ್ಟು ವರ್ಷಗಳ ಬಂದ್, ಬಸ್ ತಡೆ ತಂದುಕೊಡದ 14.75 ಟಿಎಂಸಿಯನ್ನು ದಾಖಲೆ ಮತ್ತು ವಾದ ತಂದುಕೊಟ್ಟವು. ರೈತರು ಬೀದಿಗಿಳಿಯಬಾರದಿತ್ತೆಂದು ನಾನು ಹೇಳುತ್ತಿಲ್ಲ. ಅವರು ಇಳಿಯದಿದ್ದರೆ ಸರ್ಕಾರಗಳಿಗೆ ಇಷ್ಟು ಕಾಳಜಿ ಇರುತ್ತಿತ್ತೋ ಇಲ್ಲವೋ. ಆದರೆ ಕೂಗು ಬಾಗಿಲು ತೆರೆಸಬಹುದು, ಒಳಗೆ ಹೋದ ಮೇಲೆ ಮಾತನಾಡುವುದು ಲೆಕ್ಕ.

ಈ ಲೆಕ್ಕ ಮತದಾರನಿಗೆ ಏಕೆ ಬೇಕು? 740 ಟಿಎಂಸಿ ಪ್ರತಿವರ್ಷ ಸಿಗುವ ನೀರಲ್ಲ. ನೂರು ವರ್ಷಗಳಲ್ಲಿ ಐವತ್ತು ವರ್ಷ ಅಷ್ಟು ಅಥವಾ ಹೆಚ್ಚು ಸಿಕ್ಕೀತು, ಉಳಿದ ಐವತ್ತು ವರ್ಷ ಕಡಿಮೆ. 2002, 2012, 2016, 2023 ಅಂಥ ಮಳೆ ಕೈಕೊಟ್ಟ ವರ್ಷಗಳು. ಗಲಾಟೆಯಾಗುವುದು ಆಗಲೇ. ಆಗ ವೇದಿಕೆಯ ಮೇಲೆ ನಿಂತು ‘ಒಂದು ಹನಿಯನ್ನೂ ಬಿಡುವುದಿಲ್ಲ’ ಎಂದವರಿಗೆ ಚಪ್ಪಾಳೆ ಬೀಳುತ್ತದೆ. ‘ಕೊರತೆಯ ವರ್ಷದಲ್ಲಿ ಹಂಚಿಕೆಯ ಸೂತ್ರವೇನು, ಕೊನೆ ಭಾಗಕ್ಕೆ ನೀರು ಯಾವಾಗ, ಕೆರೆಗಳ ಹೂಳು ತೆಗೆಸಿದಿರಾ’ ಎಂದು ಕೇಳುವವರು ಕಡಿಮೆ.

ಹೈಸ್ಕೂಲಿನ ಗಣಿತ ಬಲ್ಲವರಿಗೆ ಇದು ಕಷ್ಟವಲ್ಲ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಘನ ಅಡಿ. 2023ರಲ್ಲಿ ಬಂದಂತೆ 15 ದಿನ 5,000 ಕ್ಯೂಸೆಕ್ ಬಿಡಬೇಕೆಂಬ ಆದೇಶ ಬಂದರೆ ಗುಣಿಸಿ ನೋಡಿ: ಸುಮಾರು ಆರೂವರೆ ಟಿಎಂಸಿ. ತುಂಬಿದ ಕನ್ನಂಬಾಡಿಯಲ್ಲಿರುವುದು 49.45. ಅದರ ಎಂಟನೆಯ ಒಂದು ಪಾಲಿನ ಹತ್ತಿರ. ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರಿನಲ್ಲಿ ಕಬಿನಿಯ ನೀರೂ ಸೇರಿರುತ್ತದೆ ಎಂಬುದನ್ನು ಮರೆಯಬಾರದು. ಇಷ್ಟು ತಿಳಿದವನನ್ನು ಯಾವ ಪಕ್ಷದವರೂ ಸುಲಭವಾಗಿ ಹೆದರಿಸಲಾರರು, ಸುಲಭವಾಗಿ ಸಮಾಧಾನಪಡಿಸಲೂ ಆರರು.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಹೊರಬಂದವರಲ್ಲಿ ಬಹುಪಾಲು ಜನ ರೈತರ ಮಕ್ಕಳು. ಈ ಸಂಪುಟ ಓದುವ ಇಂದಿನ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಜೂನ್ ತಿಂಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ಬರೆದಿಡಿ. ನಿಮ್ಮೂರ ನಾಲೆಗೆ ನೀರು ಬಂದ ದಿನವನ್ನೂ ಬರೆಯಿರಿ. ಓಟಿನ ವಯಸ್ಸು ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ನಾಲ್ಕೈದು ವರ್ಷಗಳ ಲೆಕ್ಕವಿರುತ್ತದೆ. ಓಟು ಕೇಳಲು ಬಂದವರ ಮುಂದೆ ಅದನ್ನು ಬಿಚ್ಚಿಡಿ.